ಕೂತ ಅಳತೆ, ನಿಂತ ಅಳತೆ

ನಾನು ಒಂದು ತಂತಿ. ಬೀದಿಯ ಕಂಬದಿಂದ ಮನೆಯ ಮೀಟರಿಗೆ ಕರೆಂಟು ಹೊತ್ತು ತರುವ, ಕಪ್ಪು ಅಂಗಿ ತೊಟ್ಟ ಸರ್ವಿಸ್ ತಂತಿ. ಚಪ್ಪಲಿಗೆ ಜನರ ಅಂಗಾಲು ಗೊತ್ತು, ದಿಂಬಿಗೆ ಅವರ ಕೆನ್ನೆ ಗೊತ್ತು. ನನಗೆ ಗೊತ್ತಿದ್ದದ್ದು ನೆತ್ತಿ. ಇಪ್ಪತ್ತೆರಡು ವರ್ಷ ನಾನು ಒಂದು ಮನೆಯವರನ್ನು ಮೇಲಿನಿಂದಲೇ ನೋಡಿದೆ. ಯಾರ ಬೈತಲೆ ಸೊಟ್ಟ, ಯಾರ ಕೂದಲು ಯಾವ ವರ್ಷ ತೆಳ್ಳಗಾಯಿತು, ಯಾರು ಬಣ್ಣ ಹಚ್ಚಿಕೊಂಡು ಇಲ್ಲವೆಂದು ಸಾಧಿಸಿದರು, ಎಲ್ಲವೂ ಗೊತ್ತು. ಯಾರಿಗೂ ಹೇಳಲಿಲ್ಲ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಹೆಬ್ಬೆರಳ ಗಾತ್ರದ ಅಲ್ಯೂಮಿನಿಯಂ ಸರಳನ್ನು ಸಣ್ಣ ತೂತುಗಳಲ್ಲಿ ಎಳೆದು ಎಳೆದು ಸಪೂರ ಮಾಡಿದರು. ಆಮೇಲೆ ಕುದಿಯುವ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿದರು. ಆ ಉರಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸುರುಳಿ ಸುತ್ತಿಸಿಕೊಂಡು ಲಾರಿ ಹತ್ತಿ ಗದಗಿಗೆ ಬಂದೆ. ಅಲ್ಲಿ ಒಂದು ಎಲೆಕ್ಟ್ರಿಕ್ ಅಂಗಡಿಯ ಮೂಲೆಯಲ್ಲಿ ಮಳೆಗಾಲವಿಡೀ ಕೂತೆ. ಪಕ್ಕದ ಕಪಾಟಿನ ಬಲ್ಬುಗಳು ಬಲು ಜಂಬದವು. ತಾವಿಲ್ಲದಿದ್ದರೆ ಲೋಕವೇ ಕತ್ತಲೆ ಎಂಬಂತೆ ಮಿರುಗುತ್ತಿದ್ದವು. ನಾನಿಲ್ಲದಿದ್ದರೆ ಅವು ಬರೀ ಗಾಜಿನ ಬುರುಡೆಗಳು ಎಂದು ಹೇಳಬೇಕೆನಿಸಿತ್ತು. 

ನನ್ನನ್ನು ಕೊಂಡವನು ಬೆಟಗೇರಿಯ ನೇಕಾರ ಅಂದಾನೆಪ್ಪ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಮಾತು ಕಡಿಮೆ, ಅಳತೆ ಜಾಸ್ತಿ. ಗುಂಡಿ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ ಅವನು ಏನನ್ನು ಕಂಡರೂ ಮೊದಲು ಗೇಣು ಹಾಕುತ್ತಿದ್ದ. ನನ್ನನ್ನೂ ಅಂಗಡಿಯವನ ಎದುರೇ ಮೊಳ ಹಾಕಿ ಅಳೆದ. ಅಂಗಡಿಯವನ ಮುಖ ಹುಳ್ಳಗಾಯಿತು.

ನನ್ನನ್ನು ಕಟ್ಟಲು ಬಂದವನು ಲೈನ್‌ಮನ್ ದಾವಲಸಾಬ. ಆಗಷ್ಟೇ ಕೆಲಸಕ್ಕೆ ಸೇರಿದ್ದ, ತೆಂಗಿನ ಮರದಷ್ಟು ಉದ್ದದ ಆಳು. ಕಂಬ ಇದ್ದದ್ದು ಓಣಿಯ ಆಚೆ ಮಗ್ಗುಲಲ್ಲಿ, ಮೀಟರ್ ಇದ್ದದ್ದು ಮನೆಯ ಹಿತ್ತಲ ಗೋಡೆಗೆ. ಹಾಗಾಗಿ ನಾನು ಮಾಳಿಗೆಯನ್ನು ಅಡ್ಡಕ್ಕೆ ದಾಟಿ ಹೋಗಬೇಕಿತ್ತು. ಅವನು ಮಾಳಿಗೆಯ ಮೂಲೆಯಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ನನ್ನನ್ನು ಆಸರೆಯ ಕಬ್ಬಿಣದ ತಂತಿಯ ಜೊತೆ ಬಿಗಿದು ಕಟ್ಟಿ, ಕೆಳಗೆ ನಿಂತು ಎರಡೂ ಕೈ ಮೇಲಕ್ಕೆ ಚಾಚಿದ. ಅಷ್ಟು ಉದ್ದದ ಮನುಷ್ಯನ ಬೆರಳ ತುದಿಗೂ ನನಗೂ ನಡುವೆ ಇನ್ನೂ ಒಂದು ಗೇಣು ಉಳಿಯಿತು.

"ಒಂಬತ್ತು ಅಡಿಗಿ ಐತಿ," ಎಂದ ಅಂದಾನೆಪ್ಪನಿಗೆ. "ಕಡಿಮಿ ಅಂದ್ರೂ ಎರಡೂವರೆ ಮೀಟರ್ ಇರಬೇಕು, ಎಂಟು ಅಡಿ ಮ್ಯಾಲೊಂದೆರಡು ಬೆರಳು ಅಂತ ತಿಳಕೋ. ಇದಕ್ಕಿಂತ ಕೆಳಗ ಬಂತಂದ್ರ ನನ್ನ ಕರೀಬೇಕು. ನೀನ ಕೈ ಹಚ್ಚಬ್ಯಾಡ."

ಅಂದಾನೆಪ್ಪ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಆ ಸಂಜೆ ಮನೆಯಲ್ಲಿ ಮೊದಲ ಬಲ್ಬು ಹತ್ತಿತು. ಒಳಗಿನಿಂದ ಅಂದಾನೆಪ್ಪನ ಹೆಂಡತಿ ಅನಸವ್ವ "ಯವ್ವಾ, ಮೂಲ್ಯಾಗಿನ ಜ್ಯಾಡೆಲ್ಲಾ ಕಾಣಾಕ ಹತ್ತಿತಲ್ಲ!" ಎಂದು ಕೂಗಿದಳು. ನನಗೆ ಖುಷಿಯೋ ಖುಷಿ. ಬೆಳಕು ತಂದವನಿಗೆ ಬಹುಮಾನವಾಗಿ ಅವಳು ಮೊದಲು ಮಾಡಿದ ಕೆಲಸ ಪೊರಕೆ ಹಿಡಿದದ್ದು.

ಅಲ್ಲಿಂದ ಆರಂಭವಾಯಿತು ನನ್ನ ಸುಖದ ಕಾಲ. ರೇಡಿಯೋ ಬಂತು, ಫ್ಯಾನು ಬಂತು, ಮಿಕ್ಸರು ಬಂತು. ಮಿಕ್ಸರು ತಿರುಗಿದಾಗಲೆಲ್ಲ ನನಗೆ ಯಾರೋ ಕಚಗುಳಿ ಇಟ್ಟಂತಾಗುತ್ತಿತ್ತು. ಗೊರವಂಕಗಳು ನನ್ನ ಮೇಲೆ ಸಾಲಾಗಿ ಕೂತು ಓಣಿಯ ಸುದ್ದಿಯನ್ನೆಲ್ಲ ಒದರುತ್ತಿದ್ದವು. ಕಂಬವನ್ನಾಗಲಿ ನೆಲವನ್ನಾಗಲಿ ಮುಟ್ಟದೆ ನನ್ನೊಬ್ಬನ ಮೇಲೆಯೇ ಕೂರುವ ಹಕ್ಕಿಗೆ ನನ್ನಿಂದ ಕೇಡಿಲ್ಲ. ಮನುಷ್ಯರ ಮಾತು ಬೇರೆ. ಅವರ ಕಾಲು ಯಾವಾಗಲೂ ಎಲ್ಲೋ ಒಂದು ಕಡೆ ಊರಿಕೊಂಡೇ ಇರುತ್ತದೆ. ಅವರು ನನ್ನನ್ನು ಮುಟ್ಟಿದರೆ ನಾನು ಅವರ ಮೂಲಕವೇ ನೆಲಕ್ಕೆ ಇಳಿಯುತ್ತೇನೆ. ಅದು ನನ್ನ ಇಷ್ಟವಲ್ಲ, ನನ್ನ ಗುಣ. ಆದ್ದರಿಂದ ನನಗೆ ಬದುಕಿನಲ್ಲಿ ಇದ್ದ ಆಸೆ ಒಂದೇ: ಈ ಮನೆಯ ಯಾರ ಮೈಯನ್ನೂ ಸೋಕದೆ ನನ್ನ ಕೆಲಸ ಮುಗಿಸಬೇಕು.

ವರ್ಷದಲ್ಲಿ ನನಗೆ ಅತ್ಯಂತ ಇಷ್ಟವಾದ ದಿನಗಳೆಂದರೆ ಬೇಸಿಗೆಯ ಶಾವಿಗೆಯ ದಿನಗಳು. ಓಣಿಯ ಏಳೆಂಟು ಹೆಂಗಸರು ಬೆಳಿಗ್ಗೆಯೇ ಅನಸವ್ವನ ಮಾಳಿಗೆ ಹತ್ತುತ್ತಿದ್ದರು. ನಾದಿ, ಕುಟ್ಟಿ ಹದ ಮಾಡಿದ ಗೋದಿ ಹಿಟ್ಟು. ಸಣ್ಣ ಗೀರುಗಳಿರುವ ಇಳಿಜಾರು ಮಣೆ. ಅನಸವ್ವ ಮಣೆಯ ತಲೆಗೆ ಕೂತು ಅಂಗೈಯಿಂದ ಹಿಟ್ಟು ಹೊಸೆದರೆ ಕೆಳತುದಿಯಿಂದ ಎಳೆಗಳು ಇಳಿಯುತ್ತಿದ್ದವು. ಕೆಳಗೆ ಕೂತವರು ಅವನ್ನು ಹಿಡಿದು, ಜಗ್ಗಿ, ಬಿದಿರು ಕೋಲಿಗೆ ಸುತ್ತಿ, ಗಾಳಿಗೆ ತೂಗು ಹಾಕುತ್ತಿದ್ದರು. ಅನಸವ್ವನ ಶಾವಿಗೆಯ ಎಳೆ ಅವಳ ಗಂಡ ನೇಯುವ ನೂಲಿಗಿಂತ ಸಣ್ಣ. ಇದನ್ನು ಅಂದಾನೆಪ್ಪನೇ ಒಪ್ಪಿಕೊಂಡಿದ್ದ, ಅದೂ ಹೊಟ್ಟೆಕಿಚ್ಚಿನಿಂದ.

ಆದರೆ ಓಣಿ ಬೆಳೆಯಿತು. ಎಡಗಡೆಯವರು ಎರಡಂತಸ್ತು ಎಬ್ಬಿಸಿದರು, ಬಲಗಡೆಯವರು ತಾವೇನು ಕಡಿಮೆ ಎಂದು ಎರಡೂವರೆ ಎಬ್ಬಿಸಿದರು. ನಡುವೆ ಅನಸವ್ವನ ಮಾಳಿಗೆ ಬಾವಿಯಂತಾಯಿತು. ಗಾಳಿ ಬಾರದೆ ಶಾವಿಗೆ ಒಣಗುವ ಮೊದಲೇ ಹುಳಿ ವಾಸನೆ ಹಿಡಿಯತೊಡಗಿತು. ಒಂದು ಬೇಸಿಗೆಯಲ್ಲಿ ನಾಲ್ಕು ದಿನದ ಶಾವಿಗೆಯನ್ನು ಅವಳು ಎಮ್ಮೆಗೆ ಹಾಕಬೇಕಾಯಿತು. ಅವತ್ತು ಅವಳು ಮಾಳಿಗೆಯಲ್ಲಿ ಒಬ್ಬಳೇ ಕೂತು ಅತ್ತದ್ದನ್ನು ಕಂಡವನು ನಾನೊಬ್ಬನೇ.

"ಮೂರು ಅಡಿ ಎತ್ತರಕ್ಕ ಒಂದು ಅಟ್ಟ ಕಟ್ಟಿಸಿ ಕೊಡ್ರಿ," ಎಂದು ಗಂಡನ ಬೆನ್ನು ಹತ್ತಿದಳು. "ಪ್ಯಾರಾಪೆಟ್ಟಿನ ಮ್ಯಾಲೆ ಹಾದು ಗಾಳಿ ಬರ್ತೈತಿ. ಅಲ್ಲೇ ಕುಂತು ಹೊಸೀತೇವಿ, ಅಲ್ಲೇ ಆರ ಹಾಕತೇವಿ."

ಅಂದಾನೆಪ್ಪ ಎಂದಿನಂತೆ ತಲೆಯಾಡಿಸಿದ, ಎಂದಿನಂತೆ ಮರೆತ. ಹೀಗೆ ಎಷ್ಟೋ ಬೇಸಿಗೆ ಕಳೆದವು. ಕಡೆಗೆ ಅವನ ಮಂಡಿ ಗುಂಡಿ ಮಗ್ಗಕ್ಕೆ ಸಾಕು ಎಂದಿತು. ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ಹಿಡಿದ. ಖಾಲಿಯಾದ ಮಗ್ಗವನ್ನು ಮಾರಲು ಮನಸ್ಸಾಗಲಿಲ್ಲ. ಒಂದು ದಿನ ಅವನೇ ಅದನ್ನು ಬಿಚ್ಚಿ, ಸಾಗುವಾನಿ ಕಂಬ ಹಲಗೆಗಳನ್ನೆಲ್ಲ ಮಾಳಿಗೆಗೆ ಹೊತ್ತು ತಂದ. ತನ್ನನ್ನು ಸಾಕಿದ ಮಗ್ಗದಿಂದ ಹೆಂಡತಿಗೆ ಅಟ್ಟ ಕಟ್ಟತೊಡಗಿದ. ನನಗೆ ಅವನ ಮೇಲೆ ಅಂಥ ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಅಳೆದದ್ದೇ ಅಳೆದದ್ದು! ನೂಲಿನ ಎಳೆ ಹಿಡಿದು ಗಾಳಿಯ ದಿಕ್ಕು ನೋಡಿದ. ಶಾವಿಗೆ ಮಣೆಯ ಇಳಿಜಾರಿಗೆ ತಕ್ಕಂತೆ ಹಲಗೆ ಜೋಡಿಸಿದ. ಕೊನೆಗೆ ಅನಸವ್ವನನ್ನು ಅಟ್ಟದ ಮೇಲೆ ಕೂರಿಸಿ, ಅವಳ ನೆತ್ತಿಯಿಂದ ನನ್ನವರೆಗೆ ಗೇಣು ಹಾಕಿದ.

"ಮೂರು ಗೇಣು ಬಿಟ್ಟೈತಿ," ಎಂದ ಖುಷಿಯಾಗಿ. "ಆರಾಮ ಆತು."

 ಗುಂಡಿ ಮಗ್ಗದ ನೇಕಾರ ಬದುಕಿಡೀ ಕೂತೇ ದುಡಿದವನು. ಶಾವಿಗೆ ಹೊಸೆಯುವವರೂ ಕೂತೇ ಹೊಸೆಯುವವರು. ಆದ್ದರಿಂದ ಅವನು ಕೂತ ಅಳತೆ ತೆಗೆದುಕೊಂಡ. ಕೋಲು ತೂಗು ಹಾಕಲು ಯಾರಾದರೂ ಎದ್ದು ನಿಲ್ಲಬೇಕಲ್ಲ, ಎದ್ದು ನಿಂತವರು ಕೈ ಎತ್ತಬೇಕಲ್ಲ ಎಂಬುದು ಅವನ ಗೇಣಿಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷದ ಬಿಸಿಲಿಗೆ ನಾನೂ ಒಂದಡಿ ಜೋತು ಬಿದ್ದಿದ್ದೆ. ಅಟ್ಟದ ಹಲಗೆಯಿಂದ ನನ್ನವರೆಗೆ ಉಳಿದದ್ದು ಐದೇ ಅಡಿ. ಅನಸವ್ವನ ಎತ್ತರವೂ ಐದೇ ಅಡಿ.

ಅವಳು ಎದ್ದು ನಿಂತಾಗ ನಾನು ಅವಳ ಸೆರಗಿನ ಅಂಚಿಗೆ ಬಂದೆ. ಅವಳು ತಲೆ ತಗ್ಗಿಸಿದಳು.

"ಅಯ್ಯ, ಇದೊಂದು ಅಡ್ಡ ಬರ್ತೈತಲ್ರಿ."

"ಮ್ಯಾಲೆ ಪ್ಲಾಸ್ಟಿಕ್ ಐತಿ, ಏನೂ ಆಗಂಗಿಲ್ಲ. ತಡಿ," ಎಂದ ಅಂದಾನೆಪ್ಪ. ತುದಿ ಕವಲಾದ ಒಂದು ಕವೆಗೋಲು ತಂದ. ಜೋತ ಕೊಂಬೆಗೆ ಆಸರೆ ಕೊಡುವಂತೆ ಕವೆಯಲ್ಲಿ ನನ್ನನ್ನು ಸಿಕ್ಕಿಸಿ ಮೇಲಕ್ಕೆತ್ತಿ, ಕೋಲಿನ ಬುಡವನ್ನು ಅಟ್ಟದ ಹಲಗೆಯ ಮೇಲೆಯೇ ಊರಿದ. ನನ್ನನ್ನು ಒಂದೂವರೆ ಅಡಿ ಎತ್ತಿದ ಹೆಮ್ಮೆಯಿಂದ ಕೈ ಕೊಡವಿಕೊಂಡ.

ಪ್ಲಾಸ್ಟಿಕ್ ಐತಿ ಅಂತೆ! ಇಪ್ಪತ್ತೆರಡು ಬೇಸಿಗೆ ಸುಟ್ಟ ಅಂಗಿ ಅದು. ಅಲ್ಲಲ್ಲಿ ಬಿರಿದಿತ್ತು. ಸರಿಯಾಗಿ ಆ ಕವೆ ಕೂತ ಜಾಗದಲ್ಲೇ ಗೋದಿ ಕಾಳಿನಷ್ಟು ಅಗಲಕ್ಕೆ ನನ್ನ ಬರಿ ಮೈ ಹೊಳೆಯುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಕವೆ ಅಲ್ಲಿ ಉಜ್ಜುತ್ತಿತ್ತು.

ಕೂಗೋಣವೆಂದರೆ ನನಗೆ ಬಾಯಿಲ್ಲ. ಆದರೆ ಕವೆ ನನ್ನನ್ನು ಎಳೆದ ಬಿಗಿಗೆ ಕಂಬದ ಮೇಲಿನ ನನ್ನ ಕಟ್ಟು ಬಿಟ್ಟುಕೊಂಡು ಕವೆಯೊಂದೇ ನನಗೆ ಆಸರೆಯಾಗಿತ್ತು, ಜೋಡಣೆಯೂ ಸಡಿಲವಾಗಿತ್ತು. ಅದರಿಂದ ಮನೆಯೊಳಗೆ ದೀಪ ಮಿಣುಕತೊಡಗಿತು. ಅದು ನಾನೇ ಬೇಕೆಂದು ಮಾಡಿದ್ದು ಎಂದು ಹೇಳಿಕೊಳ್ಳಲು ನನಗಿಷ್ಟ. ನೀವು ನಂಬದಿದ್ದರೂ ಸರಿ. ಎರಡು ದಿನ ಕಣ್ಣು ಹೊಡೆದದ್ದೇ ಹೊಡೆದದ್ದು. ಟಿವಿ ನೋಡುತ್ತಿದ್ದ ಅಂದಾನೆಪ್ಪನಿಗೆ ತಲೆ ಚಿಟ್ಟು ಹಿಡಿಯಿತು. ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಕರೆಂಟ್ ಆಫೀಸಿಗೆ ಹೋಗಿ ದೂರು ಬರೆಸಿದ.

ಆ ಬೆಳಿಗ್ಗೆಯೇ ಅಟ್ಟದ ಮೇಲೆ ಮೊದಲ ಶಾವಿಗೆ. ಏಳು ಜನ ಹೆಂಗಸರು, ಏಳು ಸ್ಟೀಲ್ ತಾಟು, ನೂರೆಂಟು ಸುದ್ದಿ. ಅನಸವ್ವ ಹಲಗೆಗೆ ಅರಿಶಿನ ಕುಂಕುಮ ಹಚ್ಚಿ ಮಣೆಗೆ ಕೂತಳು. ಹಿತವಾದ ಗಾಳಿ ಬಂತು. ಪಕ್ಕದ ಮನೆಯ ಹೂವಕ್ಕ, ಯಾರನ್ನೂ ಹೊಗಳಿ ಗೊತ್ತಿಲ್ಲದವಳು, "ನಿನ್ನ ಗಂಡಗ ಇಷ್ಟು ಬುದ್ಧಿ ಯಾವಾಗ ಬಂತವಾ?" ಎಂದಳು. ಅನಸವ್ವನ ಮುಖ ನನಗೆ ಕಾಣಲಿಲ್ಲ. ಆದರೆ ನೆತ್ತಿಯೇ ನಗುವುದನ್ನು ಅವತ್ತು ನೋಡಿದೆ.

ಏಳು ಜನರ ಅಲುಗಾಟಕ್ಕೆ ಹಲಗೆ ಅದುರುತ್ತಿತ್ತು. ಕವೆಗೋಲಿನ ಬುಡ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತಿತ್ತು. ಮೊದಲ ಕೋಲು ತುಂಬಿತು. ಹಸಿ ಶಾವಿಗೆ, ಹಸಿ ಕೈ. "ಕೊಡವಾ ಇಲ್ಲೆ, ಮೊದಲನೇದು ನಾನ ತೂಗ ಹಾಕತೇನಿ," ಎಂದು ಅನಸವ್ವ ಏಳಲು ಒಂದು ಮೊಣಕಾಲೂರಿದಳು.

"ಅನಸವ್ವಕ್ಕಾ! ಕುಂಡ್ರು!"

ಕೆಳಗೆ ಓಣಿಯಲ್ಲಿ ದಾವಲಸಾಬ ನಿಂತಿದ್ದ. ತಲೆ ನೆರೆತಿತ್ತು, ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ದೀಪ ಮಿಣುಕುವ ದೂರಿಗೆ ಬಂದವನು ತಲೆಯೆತ್ತಿದ್ದೇ ತಡ, ಕವೆಗೋಲೂ ಕಂಡಿತು, ಅದರ ಕೆಳಗಿನ ಏಳು ತಲೆಗಳೂ ಕಂಡವು. ಓಡಿರೆಂದು ಕಿರುಚಿದ್ದರೆ ಏಳೂ ಜನ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಹಳೆಯ ಹುಲಿ ಅವನು. ದನಿ ಏರಿಸಿದರೂ ಬೆದರಿಸಲಿಲ್ಲ.

"ಯಾರೂ ಏಳಬ್ಯಾಡ್ರಿ. ಕುಂತಲ್ಲೇ ಕುಂಡ್ರ್ರಿ. ಕೈ ತೊಡಿ ಮ್ಯಾಲ ಇಟಗೋರಿ. ಕೋಲು ಕೆಳಗ ಇಡು ಯಕ್ಕಾ. ನಾ ಹೇಳೋತನಕ ಅಲಗಾಡಬ್ಯಾಡ್ರಿ."

"ಏನ ಫೋಟೋ ತಗೀತೀಯೇನೋ?" ಎಂದಳು ಹೂವಕ್ಕ.

"ಹೌದು, ತಗೀತೇನಿ. ಸುಮ್ಮ ಕುಂಡ್ರು," ಎಂದು ಅವನು ಕೈಗವಸು ಹಾಕಿಕೊಂಡು, ಸೊಂಟಕ್ಕೆ ಪಟ್ಟಿ ಬಿಗಿದು ಕಂಬ ಹತ್ತತೊಡಗಿದ.

ಅಷ್ಟು ದೀರ್ಘವಾದ ಐದು ನಿಮಿಷವನ್ನು ನಾನು ಕಂಡಿಲ್ಲ. ಅನಸವ್ವ ಯಾವ ಗಾಳಿಗಾಗಿ ಇಷ್ಟು ವರ್ಷ ಕಾದಿದ್ದಳೋ ಆ ಗಾಳಿ ಈಗ ನನ್ನನ್ನು ತೂಗುತ್ತಿತ್ತು.  ಕೆಳಗೆ ಅವಳು "ಹಿಟ್ಟು ಒಣಗಾಕ ಹತ್ತಿತಲ್ಲೋ ದಾವಲಸಾಬ" ಎಂದು ಗೊಣಗಿದಳು. ಕವೆಗೋಲು ಇನ್ನೊಂದೆಳೆ ಜಾರಿತು. ನಾನು ಬೀಳುವುದು ಖಂಡಿತವಾಗಿತ್ತು. ಬೀಳುವ ಜಾಗದಲ್ಲಿ ಅವಳಿದ್ದಳು. ಆ ಸೊಟ್ಟ ಬೈತಲೆಯ ನೆತ್ತಿಯನ್ನು ಕಪ್ಪಾಗಿದ್ದಾಗಿನಿಂದ ಅರ್ಧ ಬೆಳ್ಳಗಾಗುವವರೆಗೆ ನೋಡಿದ್ದೆ. ಬೇರೆ ಯಾರನ್ನಾದರೂ ಕೊಲ್ಲುವಂತಾಗಲಿ ಎಂದು ಬೇಡಲೂ ಆಗಲಿಲ್ಲ; ಯಾರೂ ಬೇಡವಾಗಿತ್ತು ನನಗೆ.

ಕಂಬದ ಮೇಲೆ ದಾವಲಸಾಬನ ಇಕ್ಕಳ ನನ್ನ ಜೋಡಣೆಯನ್ನು ಕಚ್ಚಿತು, ತಿರುಚಿತು, ಬಿಡಿಸಿತು. ನನ್ನೊಳಗೆ ಹರಿಯುತ್ತಿದ್ದದ್ದು ತಟ್ಟನೆ ನಿಂತುಹೋಯಿತು. ಹಿಂದೆಯೇ ಕವೆಗೋಲು ಜಾರಿ ಧಡಾರನೆ ಬಿತ್ತು. ನಾನು ಅನಸವ್ವನ ಹೆಗಲ ಮೇಲೆ ಬಿದ್ದೆ.

ಹೆಂಗಸರೆಲ್ಲ ಚೀರಿದರು. ಅನಸವ್ವ ಕಲ್ಲಾಗಿ ಕೂತುಬಿಟ್ಟಳು.

"ಕರೆಂಟ್ ತಗದೇನಿ! ಏನೂ ಆಗಂಗಿಲ್ಲ! ಬರೇ ವಾಯರ್ ಅದು!" ಎಂದು ದಾವಲಸಾಬ ಕಂಬದ ಮೇಲಿಂದಲೇ ಕೂಗಿದ.

ಇಷ್ಟು ವರ್ಷದಲ್ಲಿ ಮೊದಲ ಬಾರಿ ಮನುಷ್ಯರೊಬ್ಬರ ಮೈ ಬಿಸಿ ನನಗೆ ತಾಗಿತು. ಕೊಬ್ಬರಿ ಎಣ್ಣೆ, ಅರಿಶಿನ, ಹಸಿ ಹಿಟ್ಟು. ಅವಳ ಕತ್ತಿನ ನಾಡಿ ಢವಢವ ಹೊಡೆದುಕೊಳ್ಳುತ್ತಿತ್ತು. ಅದು ಹೊಡೆದುಕೊಳ್ಳುತ್ತಿದೆಯಲ್ಲ ಎಂಬ ಆನಂದಕ್ಕೆ ನಾನು ಅವಳ ಹೆಗಲಿಂದ ಸರಿಯಲೇ ಇಲ್ಲ. ಕಡೆಗೆ ಹೂವಕ್ಕನೇ ಖಾಲಿ ಬಿದಿರು ಕೋಲಿನ ತುದಿಯಿಂದ ನನ್ನನ್ನು ಸರಿಸಿದಳು, ಸತ್ತ ಹಾವನ್ನು ಸರಿಸುವಂತೆ.

ಸುದ್ದಿ ಕೇಳಿ ಅಂದಾನೆಪ್ಪ ಅಂಗಡಿಯಿಂದ ಓಡಿ ಬಂದ. ದಾವಲಸಾಬ ಮಾಳಿಗೆಯಲ್ಲಿ ಟೇಪು ಹಿಡಿದು ನಿಂತಿದ್ದ. ಅನಸವ್ವನನ್ನು ಅಟ್ಟದ ಮೇಲೆ ನಿಲ್ಲಿಸಿ, ಕೋಲು ಹಿಡಿಸಿ, ಕೈ ಎತ್ತಿಸಿದ.

"ನೋಡೋ ಅಂದಾನೆಪ್ಪ. ಕೋಲಿನ ತುದಿ ಏಳು ಅಡಿಗಿ ಹೊಕ್ಕೈತಿ. ನನ್ನ ತಂತಿ ಇದ್ದದ್ದು ಐದು ಅಡಿಗಿ. ನೀ ಕೂತ ಅಳತಿ ಮಾಡಿ ಬಿಟ್ಟಿ. ನಿಂತ ಅಳತಿ ಯಾರು ಮಾಡಬೇಕು?"

"ಮಗ್ಗದಾಗ ಯಾರು ನಿಂತು ನೇಯ್ತಾರ..." ಎಂದು ಅಂದಾನೆಪ್ಪ ಆರಂಭಿಸಿದ.  ಹೆಂಡತಿಯ ಹೆಗಲ ಮೇಲೆ ನನ್ನ ಕಪ್ಪು ಗೆರೆ ಇನ್ನೂ ಅಂಟಿತ್ತು. ಅದನ್ನು ನೋಡಿ ಅವನು ಅಟ್ಟದ ಹಲಗೆಗೆ ಕೈ ಹಾಕಿದ. "ಕಿತ್ತಹಾಕತೇನಿ ಈ ಅಟ್ಟಾನ. ಇವತ್ತ ಕಿತ್ತಹಾಕತೇನಿ," ಎಂದು ಬಿಕ್ಕಿದ.

"ಮುಟ್ಟಿ ನೋಡ್ರಿ!" ಎಂದಳು ಅನಸವ್ವ. ಆಗಷ್ಟೇ ಸಾವಿನ ಬಾಯಿಂದ ಬಂದವಳ ದನಿಯಲ್ಲ ಅದು. "ಹದಿನೈದು ವರ್ಷ ಕೇಳಿ ಪಡದ ಅಟ್ಟ ಇದು. ನಾ ಕುಂತ ಮೊದಲನೇ ದಿನ. ದಾವಲಸಾಬ, ಅಟ್ಟ ಉಳೀಬೇಕು, ನಾನೂ ಉಳೀಬೇಕು. ಹೆಂಗ ಹೇಳು."

ದಾವಲಸಾಬ ನಕ್ಕ. ಓಣಿಯ ಈ ಮಗ್ಗುಲಿಗೆ ಹೊಸ ಕಂಬ ಬಂದು ವರ್ಷವಾಗಿತ್ತು. ಅಲ್ಲಿಂದ ಮನೆಯ ಮುಂದಿನ ಗೋಡೆಗೆ ಹೊಸ ತಂತಿ ಎಳೆದು, ಮೀಟರನ್ನೂ ಮುಂದಕ್ಕೆ ತಂದರೆ ಮಾಳಿಗೆಯ ಮೇಲೆ ತಂತಿಯೇ ಇರುವುದಿಲ್ಲ. ಅರ್ಜಿ ಕೊಡಬೇಕು, ಕೆಲವು ದಿನ ಕಾಯಬೇಕು. "ಹಳೇ ವಾಯರ್ ತಗದ ಹಾಕೂದು," ಎಂದ.

ಹಳೆಯ ವಾಯರ್ ಎಂದರೆ ನಾನು. ಅಟ್ಟ ಉಳಿಯಬೇಕಾದರೆ ನಾನು ಹೋಗಬೇಕು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಮುಳ್ಳು ಚುಚ್ಚಿದಂತಾಯಿತು. ಆಮೇಲೆ ಮೂಗೇರಿಸಿಕೊಂಡು ನಿಂತ ಅನಸವ್ವನನ್ನು ನೋಡಿದೆ. ತೆಗೆದು ಹಾಕಲಿ, ಅದೂ ಬೇಗ ಎನಿಸಿತು.

ಅಲ್ಲಿಯವರೆಗೆ ದಾವಲಸಾಬ ಬಿರಿದಲ್ಲಿ ನನಗೆ ಟೇಪು ಸುತ್ತಿ, ಜೋತು ಬೀಳದಂತೆ ಬಿಗಿದು, ಮಾಳಿಗೆಯ ಬಾಗಿಲಿಗೆ ಬೀಗ ಹಾಕಿಸಿ, ಕೀಲಿಯನ್ನು ತನ್ನ ಜೇಬಿಗೇ ಇಳಿಸಿದ. ಅಂದಾನೆಪ್ಪನ ತಲೆಯಾಡಿಸುವಿಕೆಯ ಮೇಲೆ ಅವನಿಗೆ ನಂಬಿಕೆ ಉಳಿದಿರಲಿಲ್ಲ. ಹನ್ನೊಂದು ದಿನ ಮಾಳಿಗೆಗೆ ಗೊರವಂಕಗಳ ಹೊರತು ಯಾರೂ ಬರಲಿಲ್ಲ. ನನಗೆ ಬೇಸರವಾಗಿ ಸಾಕಾಯಿತು.

ಹನ್ನೆರಡನೆಯ ದಿನ ಹೊಸ ತಂತಿ ಬಂತು, ಎಳೆಯದು, ಮಿರುಗುವ ಅಂಗಿ, ಬಲ್ಬುಗಳಷ್ಟೇ ಜಂಬ. ಅದು ಮುಂದಿನ ಗೋಡೆಗೆ ಹೋಯಿತು. ನನ್ನನ್ನು ಇಳಿಸಿ ಸುರುಳಿ ಸುತ್ತಿದ ದಾವಲಸಾಬ, "ನಿಮ್ಮ ವಾಯರ್, ನೀವ ಇಟಗೋರಿ," ಎಂದು ಅನಸವ್ವನ ಕೈಗೆ ಕೊಟ್ಟ. ಗುಜರಿಗೆ ಹೋಗುವುದು ಖಾತ್ರಿ ಎಂದುಕೊಂಡೆ. ಅಂದಾನೆಪ್ಪ ನನ್ನನ್ನು ಕೈಗೆತ್ತಿಕೊಂಡು ಗೇಣು ಹಾಕಿದ. ಅಟ್ಟದ ಸುತ್ತ ಮೂರು ಸುತ್ತಿಗೆ ಸಾಕಾಗುವಷ್ಟಿದ್ದೆ. ಮಗ್ಗದ ಕಂಬಗಳ ನಡುವೆ, ನನ್ನನ್ನು ಇಷ್ಟು ವರ್ಷ ಹೊತ್ತಿದ್ದ ಕಬ್ಬಿಣದ ತಂತಿಯ ಜೊತೆಗೆ ಹೆಣೆದು, ಸೊಂಟದ ಎತ್ತರಕ್ಕೆ ಬಿಗಿದು ಕಟ್ಟಿದ. ಹೆಂಗಸರು ಮಾತಿನ ಭರದಲ್ಲಿ ಕೆಳಗೆ ಉರುಳದಿರಲೆಂದು. ಈ ಸಲ ಅನಸವ್ವನನ್ನು ಕೂರಿಸಿಯೂ ಅಳೆದ, ನಿಲ್ಲಿಸಿಯೂ ಅಳೆದ, ಕೈ ಎತ್ತಿಸಿಯೂ ಅಳೆದ. ಅವಳಿಗೆ ಸಾಕುಸಾಕಾಯಿತು.

ಈಗ ನಾನು ಇಲ್ಲೇ ಇದ್ದೇನೆ. ನನ್ನೊಳಗೆ ಏನೂ ಹರಿಯುವುದಿಲ್ಲ. ಮಿಕ್ಸರಿನ ಕಚಗುಳಿ ಒಮ್ಮೊಮ್ಮೆ ನೆನಪಾಗುತ್ತದೆ, ಅಷ್ಟೆ. ಜನರ ಮುಖ ಹೀಗೆ ನಿತ್ಯ ಎದುರಿನಿಂದ ನೋಡಲು ಸಿಕ್ಕಿದ್ದು ಈಗಲೇ. ಹೂವಕ್ಕನ ಮುಖ ಅವಳ ನಾಲಿಗೆಯಷ್ಟು ಚೂಪಲ್ಲ, ದುಂಡಗೆ ಚೆನ್ನಾಗಿದೆ. ಎಲ್ಲರಿಂದ ದೂರವಿರುವುದೇ ನಾನು ತೋರಬಹುದಾದ ಪ್ರೀತಿಯಾಗಿತ್ತು. ಅದನ್ನು ಇಪ್ಪತ್ತೆರಡು ವರ್ಷ ನಿಷ್ಠೆಯಿಂದ ತೋರಿದೆ. ಹತ್ತಿರವಿರುವುದನ್ನು ಮುಪ್ಪಿನಲ್ಲಿ ಕಲಿಯುತ್ತಿದ್ದೇನೆ.

ಆ ಬೇಸಿಗೆ ಮುಗಿಯುವ ಮೊದಲು ಅಟ್ಟದ ಮೇಲೆ ಮತ್ತೆ ಶಾವಿಗೆ ಹೊಸೆದರು. ಗಾಳಿ ಬಂತು. ಮೊದಲ ಕೋಲು ತುಂಬಿತು. ಅನಸವ್ವ ಏಳಲು ಹೊರಟಳು. ಮೊಣಕಾಲು ಮಾತು ಕೇಳಲಿಲ್ಲ. ಹಸಿ ಹಿಟ್ಟಿನ ಕೈಯಿಂದ ನನ್ನನ್ನು ಗಟ್ಟಿಯಾಗಿ ಹಿಡಿದಳು. ನಾನು ಇದ್ದಷ್ಟೂ ಬಿಗಿಯಾಗಿ ನಿಂತೆ. ಅವಳು ನನ್ನ ಮೇಲೆ ಭಾರ ಬಿಟ್ಟು ಎದ್ದಳು, ನೆಟ್ಟಗೆ ನಿಂತಳು, ಕೋಲು ಹಿಡಿದ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎಷ್ಟು ಎತ್ತಬಹುದೋ ಅಷ್ಟು ಎತ್ತಿದಳು.